ಬಾಹ್ಯಾಕಾಶ ನಿಲ್ದಾಣಗಳ ಪಟ್ಟಿ: ಪಾಂಡವಪುರದ ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೇಷ್ಟ್ರೇ, ನಮಸ್ಕಾರ. ‘ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಹಿಂದೆ ಇದ್ದ, ಈಗ ಇರುವ, ಮುಂದೆ ಬರಲಿರುವ ಬಾಹ್ಯಾಕಾಶ ನಿಲ್ದಾಣಗಳ ಪಟ್ಟಿಯನ್ನು ಮಕ್ಕಳಿಂದ ಬರೆಸುತ್ತಿದ್ದೇನೆ, ಒಂದು ಕಡೆ ಹನ್ನೆರಡು ಎಂದಿದೆ, ಇನ್ನೊಂದು ಕಡೆ ಹದಿನೈದು ಎಂದಿದೆ, ಯಾವುದನ್ನು ನಂಬಲಿ’ ಎಂದು ಕೇಳಿದ್ದೀರಿ. ನಮ್ಮ ಗುಂಪಿನ ಇಬ್ಬರು ಆಗಲೇ ತಮ್ಮ ಪಟ್ಟಿಗಳನ್ನು ಹಾಕಿದ್ದಾರೆ. ಅವೆರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದರೆ ಎರಡರಲ್ಲಿಯೂ ತಪ್ಪಿಲ್ಲ. ಇಬ್ಬರೂ ಬೇರೆ ಬೇರೆ ಕಟ್ಟಳೆ ಇಟ್ಟುಕೊಂಡು ಎಣಿಸಿದ್ದಾರೆ, ಆ ಕಟ್ಟಳೆಯನ್ನು ಮಾತ್ರ ಬರೆದಿಲ್ಲ.

ನಾನು ಮೈಸೂರಿನ ಗ್ರಂಥಾಲಯವೊಂದರಲ್ಲಿ ಮೂವತ್ತು ವರ್ಷ ಸೂಚಿ ಕಾರ್ಡು ಬರೆದವನು. ಒಂದೇ ಪುಸ್ತಕ ಎರಡು ಹೆಸರಿನಲ್ಲಿ ಅಚ್ಚಾಗಿದ್ದರೆ ಏನು ಮಾಡಬೇಕು, ಎರಡು ಬೇರೆ ಪುಸ್ತಕಗಳಿಗೆ ಒಂದೇ ಹೆಸರಿದ್ದರೆ ಏನು ಮಾಡಬೇಕು ಎನ್ನುವುದೇ ಆ ಕೆಲಸದ ತಿರುಳು. ನಿಲ್ದಾಣಗಳ ವಿಷಯದಲ್ಲಿಯೂ ಇದೇ ತೊಡಕು ಬರುತ್ತದೆ. ಆದ್ದರಿಂದ ಮಕ್ಕಳು ಪಟ್ಟಿಯ ತಲೆಯ ಮೇಲೆ ಮೊದಲು ಒಂದು ವಾಕ್ಯ ಬರೆಯಲಿ. ನಾನು ಇಟ್ಟುಕೊಂಡಿರುವ ವಾಕ್ಯ ಇದು: ಮನುಷ್ಯರು ವಾಸವಿದ್ದು ಕೆಲಸ ಮಾಡಲೆಂದೇ ಕಟ್ಟಿ ಕಕ್ಷೆಗೆ ಕಳಿಸಿದ, ಜನ ಬೇರೊಂದು ನೌಕೆಯಲ್ಲಿ ಬಂದು ಸೇರಿಕೊಳ್ಳುವ ಮನೆ.

ಈ ವಾಕ್ಯವನ್ನು ಒಪ್ಪಿದರೆ ಅರ್ಧ ಜಗಳ ಮುಗಿಯುತ್ತದೆ. ಅಮೆರಿಕದ ಶಟಲ್ ನೌಕೆಯ ಸರಕಿನ ಅಂಕಣದಲ್ಲಿಯೇ ಕುಳಿತು ಹೋಗಿ ಬರುತ್ತಿದ್ದ ಸ್ಪೇಸ್‌ಲ್ಯಾಬ್ ಪ್ರಯೋಗಾಲಯ ಪಟ್ಟಿಗೆ ಬರುವುದಿಲ್ಲ. ಅಮೆರಿಕದ ಬಿಗೆಲೋ ಕಂಪನಿ 2006 ಮತ್ತು 2007ರಲ್ಲಿ ಹಾರಿಸಿದ ಗಾಳಿ ತುಂಬುವ ಜೆನೆಸಿಸ್ 1 ಮತ್ತು 2 ಪರೀಕ್ಷೆಯ ಮಾದರಿಗಳು, ಅವುಗಳಲ್ಲಿ ಜನರಿಗೆ ಜಾಗವಿರಲಿಲ್ಲ. ಅವನ್ನು ಅಡಿಟಿಪ್ಪಣಿಯಲ್ಲಿ ಬರೆದರೆ ಸಾಕು. ಹೀಗೆ ಸೋಸಿದ ಮೇಲೆ ಜನ ನಿಜವಾಗಿಯೂ ಒಳಹೊಕ್ಕು ಬದುಕಿದ ನಿಲ್ದಾಣಗಳು ಹನ್ನೆರಡು ಉಳಿಯುತ್ತವೆ: ಸೋವಿಯತ್ ಒಕ್ಕೂಟದ ಸಲ್ಯೂತ್ 1, ಅಮೆರಿಕದ ಸ್ಕೈಲ್ಯಾಬ್, ಮತ್ತೆ ಸೋವಿಯತ್ತಿನ ಸಲ್ಯೂತ್ 3, 4, 5, 6 ಮತ್ತು 7, ಮಿರ್, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಚೀನಾದ ತಿಯಾನ್‌ಗಾಂಗ್ 1, ತಿಯಾನ್‌ಗಾಂಗ್ 2, ಮತ್ತು ಈಗ ಹಾರುತ್ತಿರುವ ತಿಯಾನ್‌ಗಾಂಗ್.

ಸಲ್ಯೂತ್ 2 ಎಲ್ಲಿ ಹೋಯಿತು ಎಂದು ಯಾವುದಾದರೂ ಮಗು ಖಂಡಿತ ಕೇಳುತ್ತದೆ. ಕೇಳಲೇಬೇಕು. ಸೋವಿಯತ್ ಒಕ್ಕೂಟದಲ್ಲಿ ಆಗ ಎರಡು ಬಗೆಯ ನಿಲ್ದಾಣಗಳು ತಯಾರಾಗುತ್ತಿದ್ದವು. ಒಂದು ಡಾಸ್ ಎಂಬ ನಾಗರಿಕ ವಿನ್ಯಾಸ, ಇನ್ನೊಂದು ಅಲ್ಮಾಜ್ ಎಂಬ ಸೇನೆಯ ವಿನ್ಯಾಸ. ಸೇನೆಯ ಕೆಲಸ ಹೊರಗೆ ತಿಳಿಯಬಾರದೆಂದು ಎರಡಕ್ಕೂ ಸಲ್ಯೂತ್ ಎಂಬ ಒಂದೇ ಹೆಸರು ಕೊಟ್ಟರು. 2, 3 ಮತ್ತು 5 ಅಲ್ಮಾಜ್‌ಗಳು. 1, 4, 6 ಮತ್ತು 7 ಡಾಸ್‌ಗಳು. ಸಲ್ಯೂತ್ 3ರಲ್ಲಿ ಒಂದು ಫಿರಂಗಿಯೂ ಇತ್ತು. ಸಲ್ಯೂತ್ 2 ಕಕ್ಷೆ ಸೇರಿತಾದರೂ ಕೆಲವೇ ದಿನಗಳಲ್ಲಿ ಕೆಟ್ಟು, ಯಾರೂ ಅದರೊಳಗೆ ಕಾಲಿಡಲಿಲ್ಲ. 1972ರ ಜುಲೈನಲ್ಲಿ ಹಾರಿದ ಒಂದು ಡಾಸ್ ಕಕ್ಷೆಯನ್ನೇ ತಲುಪಲಿಲ್ಲ, ಅದಕ್ಕೆ ಹೆಸರಿಡುವ ಪ್ರಮೇಯವೇ ಬರಲಿಲ್ಲ. 1973ರ ಮೇ ತಿಂಗಳಲ್ಲಿ ಮತ್ತೊಂದು ಮೇಲೆ ಹೋದ ಕೂಡಲೇ ಕೈಕೊಟ್ಟಾಗ ಅದನ್ನು ಕಾಸ್ಮಾಸ್ 557 ಎಂಬ ಸಾಮಾನ್ಯ ಉಪಗ್ರಹದ ಹೆಸರಿನಲ್ಲಿ ಮುಚ್ಚಿಟ್ಟರು. ನಿಮಗೆ ಸಿಕ್ಕ ಹದಿನೈದರ ಲೆಕ್ಕ ಬರುವುದು ಈ ಮೂರನ್ನು ಸೇರಿಸಿದಾಗ. ಜೆನೆಸಿಸ್‌ಗಳನ್ನೂ ಸೇರಿಸಿದರೆ ಅದು ಹದಿನೇಳಾಗುತ್ತದೆ.

ನನ್ನ ಸಲಹೆ: ಈ ಮೂರನ್ನು ದಯವಿಟ್ಟು ಬಿಡಬೇಡಿ. ಬೇರೆ ಬಣ್ಣದ ಶಾಯಿಯಲ್ಲಿ, ‘ಜನ ಸೇರದವು’ ಎಂಬ ತಲೆಬರಹದ ಕೆಳಗೆ ಬರೆಸಿ. ಹೆಸರಿನ ಪಕ್ಕದಲ್ಲಿ ವಿನ್ಯಾಸಕ್ಕೆ ಬೇರೆ ಕಾಲಂ ಇರಲಿ. ಅದೊಂದು ಕಾಲಂ ಇದ್ದರೆ ಸಲ್ಯೂತ್‌ಗಳ ಗೋಜಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಗೆದ್ದದ್ದನ್ನು ಮಾತ್ರ ಬರೆದರೆ ಮುಂದಿನ ಸಾಲುಗಳು ಅರ್ಥವಾಗುವುದೇ ಇಲ್ಲ. ಸಲ್ಯೂತ್ 1 ಜಗತ್ತಿನ ಮೊದಲ ನಿಲ್ದಾಣ, 1971ರ ಏಪ್ರಿಲ್ 19ರಂದು ಹಾರಿತು. ಜೂನ್‌ನಲ್ಲಿ ಸೋಯುಜ್ 11 ನೌಕೆಯಲ್ಲಿ ಹೋದ ದೊಬ್ರೊವೋಲ್ಸ್ಕಿ, ವೋಲ್ಕೊವ್ ಮತ್ತು ಪತ್ಸಾಯೆವ್ ಅಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಇದ್ದರು. ಮರಳುವ ದಾರಿಯಲ್ಲಿ ನೌಕೆಯ ಭಾಗಗಳು ಬೇರ್ಪಡುವಾಗ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ಮೂವರೂ ತೀರಿಕೊಂಡರು. ಇಕ್ಕಟ್ಟಿನಲ್ಲಿ ಮೂವರನ್ನು ಕೂರಿಸಬೇಕಾಗಿದ್ದುದರಿಂದ ಅವರಿಗೆ ಒತ್ತಡದ ಉಡುಪು ಕೊಟ್ಟಿರಲಿಲ್ಲ. ಆಮೇಲೆ ಸೋಯುಜ್‌ನಲ್ಲಿ ಹಲವು ವರ್ಷ ಇಬ್ಬರೇ ಹೋದರು, ಉಡುಪು ಧರಿಸಿಯೇ ಹೋದರು. 1970ರ ದಶಕದ ಸಲ್ಯೂತ್‌ಗಳಿಗೆ ಇಬ್ಬಿಬ್ಬರೇ ಏಕೆ ಹೋದರು ಎಂಬ ಪ್ರಶ್ನೆಗೆ ಉತ್ತರ ಈ ಮೊದಲ ಸಾಲಿನಲ್ಲಿದೆ. ಆ ಮೂವರ ಹೆಸರನ್ನು ಮಕ್ಕಳು ಪೂರ್ತಿಯಾಗಿ, ದುಂಡಾಗಿ ಬರೆಯಲಿ.

‘ಕೊನೆ’ ಎಂಬ ಕಾಲಂ ಕೂಡ ಬೇಕು. ಇದರ ಬೆಲೆ ನನಗೆ ತಿಳಿದದ್ದು ಮಳವಳ್ಳಿ ಹತ್ತಿರದ ನಮ್ಮ ಊರಿನಲ್ಲಿ, 1979ರ ಜುಲೈನಲ್ಲಿ. ಆಗ ನಾನು ಎಂಟನೇ ತರಗತಿ. ‘ಸ್ಕೈಲ್ಯಾಬ್ ಬೀಳುತ್ತದೆ’ ಎಂಬ ಮಾತು ಊರೆಲ್ಲ ಹಬ್ಬಿತ್ತು. ಪಕ್ಕದ ಮನೆಯವರು ಹಬ್ಬಕ್ಕೆಂದು ಸಾಕಿದ್ದ ಕೋಳಿಯನ್ನು, ಇನ್ನು ಯಾರಿಗೆ ಉಳಿಸುವುದು ಎಂದು ಅಂದೇ ಕೊಯ್ದರು. ನನ್ನ ಅಜ್ಜಿ ನಮ್ಮನ್ನೆಲ್ಲ ನಡುಮನೆಯಲ್ಲಿ ಮಲಗಿಸಿ ಬಾಗಿಲಲ್ಲಿ ತಾನು ಕುಳಿತಳು. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಮುತ್ತಲೂ ಚೂರುಚೂರಾಗಿ ಬಿತ್ತು, ಯಾರಿಗೂ ಗಾಯವಾಗಲಿಲ್ಲ. ಅದು ಏಕೆ ಬಿತ್ತು ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಸೂರ್ಯನ ಚಟುವಟಿಕೆ ಹೆಚ್ಚಾದಾಗ ಭೂಮಿಯ ವಾತಾವರಣದ ಮೇಲ್ಪದರ ಕಾದು ಉಬ್ಬುತ್ತದೆ, ಕೆಳಗಿನ ಕಕ್ಷೆಯಲ್ಲಿರುವ ವಸ್ತುಗಳಿಗೆ ಅದರ ತಡೆ ಜಾಸ್ತಿಯಾಗುತ್ತದೆ. ಸ್ಕೈಲ್ಯಾಬನ್ನು ಮೇಲಕ್ಕೆ ತಳ್ಳಬೇಕೆಂದುಕೊಂಡಿದ್ದ ಶಟಲ್ ನೌಕೆ ಮೊದಲ ಬಾರಿಗೆ ಹಾರಿದ್ದೇ 1981ರ ಏಪ್ರಿಲ್‌ನಲ್ಲಿ. ನಿಮ್ಮ ಊರಿನ ಅರವತ್ತು ದಾಟಿದವರನ್ನು ಮಕ್ಕಳು ಕೇಳಿ ನೋಡಲಿ, ಆ ವಾರದ ನೆನಪು ಎಷ್ಟೋ ಮನೆಗಳಲ್ಲಿ ಇದ್ದೀತು. ಪ್ರದರ್ಶನದಲ್ಲಿ ಪಟ್ಟಿಯ ಪಕ್ಕಕ್ಕೆ ಅದನ್ನೂ ಅಂಟಿಸಿ.

ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಸಲ್ಯೂತ್ 7. ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಮಾಲಿಶೆವ್ ಮತ್ತು ಸ್ಟ್ರೆಕಾಲೊವ್ ಜೊತೆ ಹೋಗಿದ್ದು ಅಲ್ಲಿಗೇ. ‘ಸೋಯುಜ್‌ನಲ್ಲಿ ಹೋದರು’ ಎಂದು ಬರೆದು ನಿಲ್ಲಿಸುವ ಪಟ್ಟಿಗಳನ್ನು ನೋಡಿದ್ದೇನೆ. ಸೋಯುಜ್ ಬಂಡಿ, ಸಲ್ಯೂತ್ ಮನೆ. ಮರುವರ್ಷ ಅದೇ ಮನೆ ಸಂಪರ್ಕ ಕಡಿದುಕೊಂಡು, ಬ್ಯಾಟರಿಗಳು ಬರಿದಾಗಿ, ಒಳಗೆ ನೀರೆಲ್ಲ ಹೆಪ್ಪುಗಟ್ಟಿ ಸತ್ತಂತೆ ತೇಲುತ್ತಿತ್ತು. 1985ರ ಜೂನ್‌ನಲ್ಲಿ ಜಾನಿಬೆಕೊವ್ ಮತ್ತು ಸವಿನಿಖ್ ಸೋಯುಜ್ ಟಿ-13ರಲ್ಲಿ ಹೋಗಿ, ಯಾವ ಸಂಕೇತವೂ ಇಲ್ಲದ ಆ ನಿಲ್ದಾಣಕ್ಕೆ ಕಣ್ಣಳತೆಯಲ್ಲಿ ತಮ್ಮ ನೌಕೆಯನ್ನು ಜೋಡಿಸಿದರು. ಚಳಿಗೆ ಉಣ್ಣೆಯ ಟೋಪಿ ಹಾಕಿಕೊಂಡು, ಬ್ಯಾಟರಿಗಳನ್ನು ನೇರವಾಗಿ ಸೌರಫಲಕಗಳಿಗೆ ಸೇರಿಸಿ, ನಿಲ್ದಾಣಕ್ಕೆ ಮತ್ತೆ ಜೀವ ತಂದರು. ಬಾಹ್ಯಾಕಾಶದಲ್ಲಿ ನಡೆದ ರಿಪೇರಿಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ವಾಹನದ ಬ್ಯಾಟರಿ ಇಳಿದಾಗ ಇನ್ನೊಂದರಿಂದ ತಂತಿ ಎಳೆದು ಜೀವ ಕೊಡುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ತಾರೀಖುಗಳ ಬಗ್ಗೆ ಒಂದು ಎಚ್ಚರಿಕೆ. ಮಿರ್ ಹಾರಿದ ದಿನ ಒಂದು ಕಡೆ 1986ರ ಫೆಬ್ರುವರಿ 19 ಎಂದೂ ಇನ್ನೊಂದು ಕಡೆ 20 ಎಂದೂ ಸಿಗುತ್ತದೆ. ಗ್ರೀನಿಚ್ ಲೆಕ್ಕದಲ್ಲಿ 19ರ ರಾತ್ರಿ, ಮಾಸ್ಕೋದಲ್ಲಿ ಆಗಲೇ ನಡುರಾತ್ರಿ ಕಳೆದು 20. ಯಾವ ಕಾಲಮಾನ ಎಂದು ಪಟ್ಟಿಯ ತಲೆಯಲ್ಲಿಯೇ ಬರೆದು ಎಲ್ಲ ಸಾಲಿಗೂ ಅದನ್ನೇ ಪಾಲಿಸಿ. ಇನ್ನೊಂದು ಮಾತು: ಮಿರ್ ಒಂದೇ ಸಲಕ್ಕೆ ಹಾರಿದ್ದಲ್ಲ. ಮೂಲ ಘಟಕಕ್ಕೆ ಕ್ವಾಂಟ್‌ನಿಂದ ಪ್ರಿರೋದಾವರೆಗೆ ಹತ್ತು ವರ್ಷ ಕಾಲ ಕೋಣೆಗಳನ್ನು ಕೂಡಿಸುತ್ತಾ ಹೋದರು. ಕೋಣೆಗೊಂದು ಸಾಲು ಬರೆದರೆ ಪಟ್ಟಿ ಹಾಳಾಗುತ್ತದೆ. ಒಂದು ಮನೆಗೆ ಒಂದು ಸಾಲು, ಕೋಣೆಗಳಿಗೆ ಬೇರೆ ಹಾಳೆ.

ಈಗ ಹಾರುತ್ತಿರುವವು ಎರಡೇ. ಅಂತರರಾಷ್ಟ್ರೀಯ ನಿಲ್ದಾಣದ ಮೊದಲ ಘಟಕ ಜಾರ್ಯಾ 1998ರ ನವೆಂಬರ್ 20ರಂದು ಹೋಯಿತು. 2000ದ ನವೆಂಬರ್ 2ರಿಂದ ಇಂದಿನವರೆಗೆ ಅಲ್ಲಿ ಒಂದು ದಿನವೂ ಜನರಿಲ್ಲದೆ ಇಲ್ಲ. ಚೀನಾದ ತಿಯಾನ್‌ಗಾಂಗ್‌ನ ಮೂಲ ಘಟಕ ತಿಯಾನ್‌ಹೆ 2021ರ ಏಪ್ರಿಲ್ 29ರಂದು, ವೆನ್‌ತಿಯಾನ್ ಮತ್ತು ಮೆಂಗ್‌ತಿಯಾನ್ 2022ರಲ್ಲಿ ಹೋದವು. ಈ ಎರಡು ಸಾಲುಗಳನ್ನು ಮಕ್ಕಳು ಬರೆಯುವುದಷ್ಟೇ ಅಲ್ಲ, ಕಣ್ಣಾರೆ ನೋಡಬಹುದು. ಎರಡೂ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತವೆ. ಮುಸ್ಸಂಜೆಯ ನಂತರ ಅಥವಾ ಬೆಳಗಿನ ಜಾವ, ಕೆಳಗೆ ಕತ್ತಲಿದ್ದು ಮೇಲೆ ಅವುಗಳಿಗೆ ಬಿಸಿಲು ತಾಗುವ ಹೊತ್ತಿನಲ್ಲಿ, ಮಿನುಗದ ಒಂದು ಚುಕ್ಕಿ ಪಶ್ಚಿಮದ ಕಡೆಯಿಂದ ಪೂರ್ವಕ್ಕೆ ಕೆಲವೇ ನಿಮಿಷಗಳಲ್ಲಿ ಸಾಗುತ್ತದೆ. ಅಂತರರಾಷ್ಟ್ರೀಯ ನಿಲ್ದಾಣ ಶುಕ್ರನಷ್ಟು ಹೊಳೆಯುವುದೂ ಉಂಟು, ತಿಯಾನ್‌ಗಾಂಗ್ ಅದಕ್ಕಿಂತ ಮಂಕು. ಚಾಮುಂಡಿ ಬೆಟ್ಟದ ದೀಪಗಳಿಗಿಂತ ನಿಮ್ಮ ಪಾಂಡವಪುರದ ಗದ್ದೆ ಬಯಲೇ ಇದಕ್ಕೆ ಒಳ್ಳೆಯ ಜಾಗ. ನೋಡಿದ ದಿನ, ಹೊತ್ತು ಮತ್ತು ದಿಕ್ಕನ್ನು ಪಟ್ಟಿಯ ಕೆಳಗೆ ಬರೆಯಲಿ.

ಮುಂದೆ ಬರುವವುಗಳ ಭಾಗವನ್ನು ಪೆನ್ಸಿಲಿನಲ್ಲಿ ಬರೆಸಿ, ಪ್ರತಿ ಸಾಲಿಗೂ ‘ಈ ಮಾತು ಹೇಳಿದ್ದು ಯಾವಾಗ’ ಎಂಬ ಕಾಲಂ ಕಡ್ಡಾಯವಾಗಿ ಇರಲಿ. ಯೋಜನೆಗಳು ಸರಿದಾಡುತ್ತವೆ. ವಾಸ್ಟ್ ಕಂಪನಿಯ ಹೇವನ್ 1 ನಿಲ್ದಾಣ ಮೊದಲು 2025ರ ಆಗಸ್ಟ್ ಎಂದು ಪ್ರಕಟವಾಗಿ ಮುಂದಕ್ಕೆ ಹೋಯಿತು. ಚಂದ್ರನನ್ನು ಸುತ್ತಬೇಕಾಗಿದ್ದ ಗೇಟ್‌ವೇ ನಿಲ್ದಾಣವನ್ನು ಕೈಬಿಡಬೇಕೆಂದು 2025ರ ಮೇ ತಿಂಗಳಲ್ಲಿ ಅಮೆರಿಕದ ಬಜೆಟ್ ಪ್ರಸ್ತಾವ ಹೇಳಿತು, ಜುಲೈನಲ್ಲಿ ಅಲ್ಲಿನ ಸಂಸತ್ತು ಅದಕ್ಕೇ ಹಣ ಕೊಟ್ಟಿತು. ಆಕ್ಸಿಯಮ್, ಸ್ಟಾರ್‌ಲ್ಯಾಬ್, ಆರ್ಬಿಟಲ್ ರೀಫ್ ಎಂಬ ಖಾಸಗಿ ನಿಲ್ದಾಣಗಳು, ರಷ್ಯಾದ ಹೊಸ ನಿಲ್ದಾಣ, ಇವೆಲ್ಲ ಪೆನ್ಸಿಲಿನ ಸಾಲುಗಳೇ. ಹಳೆಯದಕ್ಕೂ ಇದು ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ನಿಲ್ದಾಣದ ಅವಧಿ 2020, ಆಮೇಲೆ 2024, ಆಮೇಲೆ 2030 ಎಂದು ಬೆಳೆಯುತ್ತಾ ಬಂದಿದೆ. ಅದನ್ನು ಕೊನೆಗೆ ಸಾಗರಕ್ಕೆ ಇಳಿಸುವ ನೌಕೆಯನ್ನು ಕಟ್ಟುವ ಗುತ್ತಿಗೆ 2024ರ ಜೂನ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ ಸಿಕ್ಕಿದೆ. ಅಮೆರಿಕದ ಸೇನೆ 1960ರ ದಶಕದಲ್ಲಿ ಯೋಚಿಸಿ 1969ರಲ್ಲಿ ಕೈಬಿಟ್ಟ ಮೋಲ್ ನಿಲ್ದಾಣದಂಥವಕ್ಕೆ ‘ಕೈಬಿಟ್ಟವು’ ಎಂಬ ಸಣ್ಣ ಗುಂಪು ಮಾಡಿ.

ನಮ್ಮದೇ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೂ ಪೆನ್ಸಿಲ್ಲೇ ಹಿಡಿಯಬೇಕು. ಹೆಮ್ಮೆ ಇದೆ ಎಂದು ಶಾಯಿ ಬಳಸಬಾರದು. 2019ರಲ್ಲಿ ಇಸ್ರೋ ಹೇಳಿದ್ದು ಸುಮಾರು 20 ಟನ್ನಿನ ನಿಲ್ದಾಣ. ಈಗಿನ ಯೋಜನೆ ಐದು ಘಟಕಗಳದ್ದು, ಸುಮಾರು 52 ಟನ್. ಮೊದಲ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಘಟಕಕ್ಕೆ 2028, ಪೂರ್ಣ ನಿಲ್ದಾಣಕ್ಕೆ 2035 ಗುರಿ. ಆದರೆ ಅದರ ಒಂದು ಮೆಟ್ಟಿಲನ್ನು ಧಾರಾಳವಾಗಿ ಶಾಯಿಯಲ್ಲಿ ಬರೆಯಬಹುದು: 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು. ಈ ವಿದ್ಯೆ ಕೈವಶವಾಗದೆ ಯಾರೂ ಕೋಣೆಗೆ ಕೋಣೆ ಸೇರಿಸಿ ನಿಲ್ದಾಣ ಕಟ್ಟಲಾರರು.

ಹೋದವರ ಕಾಲಂನಲ್ಲಿ ಮಕ್ಕಳು ಕಲ್ಪನಾ ಚಾವ್ಲಾ ಅವರ ಹೆಸರನ್ನು ಅಂತರರಾಷ್ಟ್ರೀಯ ನಿಲ್ದಾಣದ ಮುಂದೆ ಬರೆಯುವ ಸಾಧ್ಯತೆ ಹೆಚ್ಚು. ಅವರು 1997 ಮತ್ತು 2003ರಲ್ಲಿ ಶಟಲ್‌ನಲ್ಲಿ ಹೋದರು, ಯಾವ ನಿಲ್ದಾಣಕ್ಕೂ ಹೋಗಲಿಲ್ಲ. ಸುನೀತಾ ವಿಲಿಯಮ್ಸ್ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಮೂರು ಬಾರಿ ಹೋಗಿದ್ದಾರೆ. ಶುಭಾಂಶು ಶುಕ್ಲಾ ಅಲ್ಲಿಗೆ ಸೇರಿದ್ದು 2025ರ ಜೂನ್ 26ರಂದು. ನಮ್ಮ ಗುಂಪಿನ ರೈತ ಮಿತ್ರರಿಗೆ ಇದು ಇಷ್ಟವಾದೀತು: ಅವರು ಅಲ್ಲಿ ಮೆಂತ್ಯ ಮತ್ತು ಹೆಸರುಕಾಳು ಮೊಳಕೆ ಬರಿಸಿದರು, ಆ ಪ್ರಯೋಗದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಾಲಿತ್ತು. ಪಟ್ಟಿಯ ಮುಂದೆ ಒಂದು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಅವೇ ಕಾಳುಗಳನ್ನು ಮೊಳಕೆಗೆ ಇಡಿ. ಎರಡು ದಿನ ಮೊದಲೇ ಇಟ್ಟರೆ ಪ್ರದರ್ಶನದ ಹೊತ್ತಿಗೆ ಸರಿಹೋಗುತ್ತದೆ.

ಹನ್ನೆರಡು ನಿಲ್ದಾಣಗಳ ಕಾರ್ಡುಗಳು ನನ್ನ ಬಳಿ ಕೈಬರಹದಲ್ಲಿ ಸಿದ್ಧವಾಗಿವೆ. ಜನ ಸೇರದ ಮೂರಕ್ಕೆ ಇವತ್ತು ರಾತ್ರಿ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ನಾನು ಶ್ರೀರಂಗಪಟ್ಟಣಕ್ಕೆ ಬರುವುದಿದೆ, ನೀವು ಅಲ್ಲಿಗೆ ಬಂದರೆ ಕೈಗೇ ಕೊಡುತ್ತೇನೆ. ಮಕ್ಕಳು ಈಗಾಗಲೇ ಬರೆದಿರುವ ಕರಡನ್ನೂ ತನ್ನಿ, ಇಬ್ಬರೂ ಕುಳಿತು ಸಾಲು ಸಾಲಾಗಿ ತಾಳೆ ನೋಡೋಣ.