ಹಾಡುವವರಿಗೆ ಪಿಯಾನೋ ನುಡಿಸಿಕೊಂಡೇ ಜೀವನ ಮಾಡಬಹುದಾ?

ಖಂಡಿತ ಮಾಡಬಹುದು. ಗಾಯಕರಿಗೆ ಸಾಥ್ ಕೊಡುವ ಜಾಝ್ ಪಿಯಾನೋ ವಾದಕರು ಸೋಲೋ ನುಡಿಸುವವರಿಗಿಂತ ಒಂದು ಮೆಟ್ಟಿಲು ಕೆಳಗೆ ಅಂತ ನಿಮಗೆ ಯಾರೋ ಹೇಳಿದ್ದಾರಂತೆ. ನಾನು ಅದನ್ನು ಒಪ್ಪುವುದಿಲ್ಲ. ನಾನು 12 ವರ್ಷದಿಂದ ಭಾವಗೀತೆ ಹಾಡುವವರಿಗೆ ಕೀಬೋರ್ಡ್ ನುಡಿಸುತ್ತಿದ್ದೇನೆ. ನನಗೆ ದಾರಿ ತೋರಿಸಿದವರು ಅಮೆರಿಕದ ಗಾಯಕ ಟೋನಿ ಬೆನೆಟ್ ಅವರ ಪಿಯಾನೋ ವಾದಕ ರಾಲ್ಫ್ ಶಾರನ್.

ಶಾರನ್ ಹುಟ್ಟಿದ್ದು 1923ರಲ್ಲಿ, ಲಂಡನ್ನಿನಲ್ಲಿ. 1953ರಲ್ಲಿ ಅಮೆರಿಕಕ್ಕೆ ಹೋದರು. 1957ರ ಹೊತ್ತಿಗೆ ಬೆನೆಟ್ ಜೊತೆ ಸೇರಿದರು. ಬೆನೆಟ್ ಆಗಲೇ ದೊಡ್ಡ ಹೆಸರು. ಬರೀ ಮಧುರವಾದ ಪಾಪ್ ಹಾಡುಗಳನ್ನೇ ಹಾಡುತ್ತಾ ಹೋದರೆ ಜಾಸ್ತಿ ದಿನ ನಡೆಯಲ್ಲ, ಜಾಝ್ ಕಡೆ ಬನ್ನಿ ಅಂತ ಅವರಿಗೆ ಬುದ್ಧಿ ಹೇಳಿದ್ದು ಶಾರನ್. ಸುಮ್ನೆ ಹೇಳಿ ಬಿಡಲಿಲ್ಲ. ಆರ್ಟ್ ಬ್ಲೇಕಿ, ಚಿಕೋ ಹ್ಯಾಮಿಲ್ಟನ್ ಥರದ ಡ್ರಮ್ಮರ್‌ಗಳನ್ನು ಮುಂದಿಟ್ಟು ಒಂದು ಇಡೀ ಆಲ್ಬಮ್‌ಗೆ ಅರೇಂಜ್‌ಮೆಂಟ್ (ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅನ್ನೋದು) ಬರೆದರು.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಇಬ್ಬರು ಗೆಳೆಯರು ಬರೆದು ಕೊಟ್ಟಿದ್ದ ಹಾಡೊಂದನ್ನು ಶಾರನ್ ಅಂಗಿ ಇಡುವ ಡ್ರಾಯರ್‌ನಲ್ಲಿ ಹಾಕಿ ಮರೆತಿದ್ದರು. 1961ರಲ್ಲಿ ಪ್ರವಾಸಕ್ಕೆ ಬಟ್ಟೆ ತುಂಬಿಕೊಳ್ಳುವಾಗ ಅದು ಕೈಗೆ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋ ಬಗ್ಗೆ ಹಾಡು, 'ಐ ಲೆಫ್ಟ್ ಮೈ ಹಾರ್ಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ'. ಹೋಗಬೇಕಿದ್ದದ್ದೂ ಅದೇ ಊರಿಗೆ. ತಗೊಂಡು ಹೋದರು. ಬೆನೆಟ್ ಅದನ್ನು 1962ರಲ್ಲಿ ರೆಕಾರ್ಡ್ ಮಾಡಿದರು, ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ಇವತ್ತಿಗೂ ಬೆನೆಟ್ ಅಂದರೆ ಆ ಹಾಡೇ ಅಲ್ವಾ? ಗಾಯಕರಿಗೆ ಯಾವ ಹಾಡು ಒಗ್ಗುತ್ತದೆ, ಯಾವ ಸ್ಕೇಲ್‌ನಲ್ಲಿ ಹಾಡಿದರೆ ದನಿ ಅರಳುತ್ತದೆ, ಇಂಟ್ರೊ ಎಷ್ಟು ಉದ್ದ ಇರಬೇಕು, ಇದೆಲ್ಲ ಪಕ್ಕದಲ್ಲಿ ಕೂತವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಶುರುವಿನಲ್ಲಿ ನಾನು ಹಾಡಿನ ಪ್ರತಿ ಸಂದಿಯಲ್ಲೂ ಏನಾದರೂ ತುಂಬುತ್ತಿದ್ದೆ. ಒಮ್ಮೆ ಗಾಯಕಿಯೊಬ್ಬರು ಚರಣದ ಕೊನೆಯ ಅಕ್ಷರವನ್ನು ಎಳೆದು ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ನನ್ನ ಬಿಟ್ (ಸಾಲುಗಳ ನಡುವೆ ನುಡಿಸುವ ಚಿಕ್ಕ ತುಣುಕು) ಬಂದು ಅದನ್ನು ಮುಚ್ಚಿಬಿಟ್ಟಿತು. ಕಾರ್ಯಕ್ರಮ ಮುಗಿದ ಮೇಲೆ ಅವರು, "ಸಾಹಿತ್ಯ ಕೇಳಿಸ್ಕೊಂಡು ನುಡಿಸಪ್ಪ" ಅಂದರು. ಅವತ್ತಿನಿಂದ ಹಾಡಿನ ಸಾಲುಗಳನ್ನು ಬಾಯಿಪಾಠ ಮಾಡದೆ ನಾನು ಸ್ಟೇಜ್ ಹತ್ತಿಲ್ಲ.

ನಡುವೆ ಹಲವು ವರ್ಷ ದೂರ ಇದ್ದರೂ ಶಾರನ್ ಮತ್ತೆ ಬೆನೆಟ್ ಹತ್ತಿರ ಬಂದರು, 2002ರವರೆಗೂ ನುಡಿಸಿದರು. ಬೆನೆಟ್ ಅವರ 1994ರ ಎಂಟಿವಿ ಅನ್‌ಪ್ಲಗ್ಡ್ ಆಲ್ಬಮ್ ಹುಡುಕಿ ಕೇಳಿ. ಹಿಂದೆ ಇರುವುದು ಶಾರನ್ ಅವರ ಟ್ರಿಯೊ: ಪಿಯಾನೋ, ಬೇಸ್, ಡ್ರಮ್ಸ್. ಮೊದಲ ಸಲ ಬೆನೆಟ್ ದನಿ ಕೇಳಿ. ಎರಡನೇ ಸಲ, ಅವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಪಿಯಾನೋ ಏನು ಮಾಡುತ್ತದೆ ಅನ್ನೋದನ್ನು ಮಾತ್ರ ಕೇಳಿ.