ಕಾರವಾರದಲ್ಲಿ ಬಡ ಮಕ್ಕಳಿಗೆ ಚರ್ಚ್ ಕಡೆಯಿಂದ ಏನಾದ್ರೂ ಮಾಡ್ಬೇಕು, ಮೇ ತಿಂಗಳಲ್ಲಿ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ಅಂದ್ರೆ ರಜೆಯ ಬೈಬಲ್ ಶಿಬಿರ) ಮಾಡಿದ್ರೆ ಹೇಗೆ?

ನಿಮ್ಮ ಯೂತ್ ಗ್ರೂಪಿನವರು ಬಂದರು ಕಡೆ, ಕೂಲಿಯವರ ಶೆಡ್ ಕಡೆ ಇರೋ ಮಕ್ಕಳಿಗೆ ಮೇನಲ್ಲಿ ಹತ್ತು ದಿನದ ವಿಬಿಎಸ್ ಮಾಡ್ಬೇಕು ಅಂತಿದೀರಿ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದೀರಿ. ನಾನು ಬೈತಖೋಲ್ ಹತ್ರ ಚರ್ಚ್ ಕಡೆಯಿಂದಾನೇ ನಡೆಯೋ ಸಂಜೆ ಟ್ಯೂಷನ್‌ಗೆ ಕಲಿಸೋಕೆ ಹೋಗ್ತೀನಿ. ನನ್ನ ಕೇಳಿದ್ರೆ ಮೇ ಬಿಡಿ, ಜೂನ್‌ನಲ್ಲಿ ಇಂಥದ್ದೇ ಒಂದು ಟ್ಯೂಷನ್ ಶುರು ಮಾಡಿ.

ಯಾಕಂದ್ರೆ ಮೇನಲ್ಲಿ ನಿಮಗೆ ಬೇಕಾದ ಮಕ್ಕಳೇ ಊರಲ್ಲಿರಲ್ಲ. ಗದಗ, ಕೊಪ್ಪಳ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಜಾತ್ರೆ ಮದುವೆ ಅಂತ ಮಕ್ಕಳನ್ನ ಕಟ್ಕೊಂಡು ಊರಿಗೆ ಹೋಗಿರ್ತಾರೆ, ಶಿಬಿರಕ್ಕೆ ಬರೋದು ಹೆಚ್ಚಾಗಿ ನಮ್ಮ ಚರ್ಚಿನ ಮನೆಗಳ ಮಕ್ಕಳೇ. ಅವರಿಗೂ ಮಾಡ್ಬೇಕು, ಬೇಡ ಅಂತಲ್ಲ, ಆದ್ರೆ ನೀವು ಕೇಳಿದ್ದು ಆ ಮಕ್ಕಳ ಬಗ್ಗೆ ಅಲ್ವಲ್ಲ.

ಜೂನ್ ನೋಡಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟು ದಕ್ಕೆಯಲ್ಲಿ ಕಟ್ಟಿರ್ತವೆ, ಮೀನು ಆರಿಸೋ ಹೆಂಗಸರಿಗೆ, ಐಸ್ ಹೊರೋರಿಗೆ, ಲೋಡಿಂಗ್‌ನವರಿಗೆ ದಿನಗೂಲಿ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ ಶಾಲೆ ಶುರು. ಸರಕಾರಿ ಶಾಲೆಯಲ್ಲಿ ಪುಸ್ತಕ, ಯೂನಿಫಾರ್ಮ್, ಮಧ್ಯಾಹ್ನದ ಊಟ ಸಿಗತ್ತೆ, ಆದ್ರೆ ನೋಟ್‌ಬುಕ್ಕು, ಬ್ಯಾಗು, ಛತ್ರಿ? ಮೇಲಿಂದ ನಮ್ಮ ಮಳೆ ಗೊತ್ತಲ್ಲ ನಿಮಗೆ, ತಗಡಿನ ಶೆಡ್ಡಲ್ಲಿ ಆ ಸದ್ದಿಗೆ ಪಕ್ಕದವರ ಮಾತೇ ಕೇಳಲ್ಲ, ಕರೆಂಟ್ ಹೋಗಿರತ್ತೆ, ಒದ್ದೆಯಾಗದ ಒಂದು ಮೂಲೆ ಇರಲ್ಲ, ಓದು ಅಂದ್ರೆ ಎಲ್ಲಿ ಕೂತು ಓದ್ಬೇಕು ಮಗು? ಎಷ್ಟೋ ಹುಡುಗೀರು ಶಾಲೆ ತಪ್ಪಿಸೋಕೆ ಶುರು ಮಾಡೋದು ಈ ಎರಡು ತಿಂಗಳಲ್ಲೇ, ತಮ್ಮನ್ನ ನೋಡ್ಕೊಳ್ಳೋಕೆ ಅಂತ ಮನೇಲಿ ಉಳಿದವಳು ಹಾಗೇ ಉಳಿದುಬಿಡ್ತಾಳೆ. ಆಗ ಚರ್ಚಿನ ಹಾಲ್ ಬೇಕು ಆ ಮಕ್ಕಳಿಗೆ, ಲೈಟ್ ಇರೋ, ಸೋರದ ಒಂದು ಹಾಲ್.

ಇದು ಹೊಸ ವಿಚಾರ ಏನಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ಬಡ ಮಕ್ಕಳು ವಾರವೆಲ್ಲ ಕೆಲಸಕ್ಕೆ ಹೋಗಿ ಭಾನುವಾರ ಒಂದೇ ಬಿಡುವಿರ್ತಿತ್ತು ಅಂತ, ಅಲ್ಲಿ ಓದೋದನ್ನೂ ಕಲಿಸ್ತಿದ್ರು. ವಿಬಿಎಸ್ ಕೂಡ ಹಾಗೇ, 1898ರಲ್ಲಿ ನ್ಯೂಯಾರ್ಕಿನ ಈಸ್ಟ್ ಸೈಡ್‌ನಲ್ಲಿ ರಜೆಗೆ ಬೀದಿಯಲ್ಲಿ ಅಲೆಯೋ ಮಕ್ಕಳಿಗೆ ಅಂತ ಎಲೈಜಾ ಹಾವ್ಸ್ ಬಾಡಿಗೆ ಜಾಗದಲ್ಲಿ ಶುರು ಮಾಡಿದ್ದು. ಇಬ್ಬರೂ ಮೊದಲು ನೋಡಿದ್ದು ಮಕ್ಕಳ ಬಿಡುವು. ನಾವು ಚರ್ಚಿನ ಬಿಡುವು ನೋಡಿ ಡೇಟ್ ಹಾಕ್ತೀವಿ.

ಹೇಗೆ ಅಂದ್ರೆ, ಮೊದಲು ತಾಯಂದಿರ ಹತ್ರ ಹೋಗಿ. ಎಷ್ಟೊತ್ತಿಗೆ ಕಳಿಸ್ಬೋದು ಅಂತ ಅವರನ್ನೇ ಕೇಳಿ. ಸೊಂಟದ ಮೇಲೆ ತಮ್ಮನ್ನ ಎತ್ಕೊಂಡು ಬರೋ ಹುಡುಗಿಯನ್ನ ವಾಪಸ್ ಕಳಿಸ್ಬೇಡಿ, ಚಿಕ್ಕವರಿಗೆ ಒಂದು ಚಾಪೆ ಹಾಕಿ, ಒಬ್ಬರು ಅವರ ಜೊತೆ ಕೂತ್ಕೊಳ್ಳಿ. ತಿಂಡಿ ಮೊದಲು, ಪಾಠ ಆಮೇಲೆ, ಅವಲಕ್ಕಿ ಬಾಳೆಹಣ್ಣು ಆದ್ರೂ ಸಾಕು. ಮನೇಲಿ ಕೊಂಕಣಿ, ಲಂಬಾಣಿ, ಹಿಂದಿ, ಶಾಲೇಲಿ ಕನ್ನಡ, ಹಾಗಾಗಿ ನಾಲ್ಕನೇ ಕ್ಲಾಸಿನವರಿಗೂ ಒತ್ತಕ್ಷರ ಬರಲ್ಲ. ಒಬ್ಬೊಬ್ಬರನ್ನೇ ಪಕ್ಕ ಕೂರಿಸ್ಕೊಂಡು ಓದಿಸ್ಬೇಕು, ಬೇರೆ ದಾರಿ ಇಲ್ಲ.

ಪ್ರಾರ್ಥನೆ, ಬೈಬಲ್ ಕತೆ ಟ್ಯೂಷನ್ ಒಳಗೆ ಬೇಡ. ನಾವು ಚರ್ಚಿನವರು ಅಂತ ಮನೆ ಬಾಗಿಲಲ್ಲೇ ಹೇಳಿ, ಮುಚ್ಚಿಡೋದು ತಪ್ಪು. ಭಾನುವಾರದ ಕ್ಲಾಸ್ ಬೇರೆ ಇಟ್ಟು ಅಪ್ಪ ಅಮ್ಮ ಇಷ್ಟಪಟ್ಟು ಕಳಿಸಿದವರಿಗೆ ಮಾತ್ರ ಮಾಡಿ. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆಯಲ್ಲಿ ಉಡುಗೊರೆಯನ್ನೂ ಆಮಿಷ ಅಂತ ಸೇರಿಸಿದಾರೆ, ಅಪ್ರಾಪ್ತರ ವಿಷಯದಲ್ಲಾದ್ರೆ 3ರಿಂದ 10 ವರ್ಷ ಜೈಲು, 2023ರ ಜೂನ್‌ನಲ್ಲಿ ಸರಕಾರ ಅದನ್ನ ತೆಗೀತೀವಿ ಅಂತ ತೀರ್ಮಾನ ಮಾಡಿದ್ದೂ ಇದೆ. ಆದ್ರೆ ನಾನು ಹೇಳೋದು ಕಾಯ್ದೆಗೆ ಹೆದರಿ ಅಲ್ಲ. ಹಸಿದ ಮಗು ಬಾಳೆಹಣ್ಣಿಗೋಸ್ಕರ ಕಣ್ಣು ಮುಚ್ಚಿ ಕೈ ಮುಗಿದ್ರೆ ಅದು ಪ್ರಾರ್ಥನೆ ಹೇಗಾಗತ್ತೆ ಹೇಳಿ. ನನ್ನ ನಂಬಿಕೆ ನನಗೆ ದೊಡ್ಡದು, ಅದಕ್ಕೇ ಅದನ್ನ ತಿಂಡಿ ಜೊತೆ ಸೇರಿಸಿ ಕೊಡೋಕೆ ಮನಸ್ಸು ಬರಲ್ಲ. ಫೇಸ್‌ಬುಕ್‌ಗೆ ಮಕ್ಕಳ ಫೋಟೋನೂ ಬೇಡ.

ಇನ್ನೊಂದು ಮಾತು, ಮಗು ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ರೂಮಲ್ಲಿ ಇರೋ ಹಾಗಿಲ್ಲ, ಫಾದರ್ ಆಗ್ಲಿ ಪಾಸ್ಟರ್ ಆಗ್ಲಿ. ಯಾವ ಮಗುವಾದ್ರೂ ಮೈ ಮುಟ್ಟಿದ ವಿಷಯ ಹೇಳಿದ್ರೆ ಕಮಿಟಿಯಲ್ಲಿ ಕೂತು ಚರ್ಚೆ ಮಾಡ್ಬೇಡಿ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ) ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಏನೂ ತೋಚದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಆಗಸ್ಟ್‌ನಲ್ಲಿ ಬೋಟು ಮತ್ತೆ ಸಮುದ್ರಕ್ಕೆ ಇಳಿಯತ್ತೆ, ನಿಮ್ಮ ಗ್ರೂಪಿನ ಹುಡುಗರಿಗೂ ಕಾಲೇಜು ಪರೀಕ್ಷೆ ಅಂತ ಬರತ್ತೆ, ಒಬ್ಬೊಬ್ಬರೇ ಬಿಟ್ಟು ಹೋಗ್ತಾರೆ. ಮಾರ್ಚ್ ತನಕ ಬಿಡದೆ ಬರ್ತೀವಿ ಅನ್ನೋರು ಮೂರು ಜನ ಇದಾರಾ ಅಂತ ಈಗಲೇ ಕೇಳ್ಕೊಳ್ಳಿ. ಮೂರೇ ಜನ ಅಂದ್ರೆ ಹದಿನೈದು ಮಕ್ಕಳಿಗಿಂತ ಜಾಸ್ತಿ ತಗೋಬೇಡಿ.