ಸ್ಲೀವ್ ಸರ್ಜರಿ ಆದ ಮೇಲೆ ತೂಕ ಮತ್ತೆ ಏರಿದೆ, ಐದು ದಿನ ಬರೀ ದ್ರವ ಕುಡಿದರೆ ಹೊಟ್ಟೆ ಕುಗ್ಗುತ್ತಾ?

ನಾಲ್ಕು ವರ್ಷದ ಹಿಂದೆ ಸ್ಲೀವ್ ಸರ್ಜರಿ (ತೂಕ ಇಳಿಸಲು ಹೊಟ್ಟೆಯ, ಅಂದರೆ ಜಠರದ, ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್) ಆಯ್ತು, 38 ಕೆಜಿ ಇಳಿದಿದ್ದೆ, ಈಗ 15 ವಾಪಸ್ ಬಂದಿದೆ, ಹೊಟ್ಟೆ ಕುಗ್ಗಿಸಲು ಐದು ದಿನ ಬರೀ ದ್ರವ ಕುಡಿಯುವ 'ಪೌಚ್ ರೀಸೆಟ್' ಮಾಡಲಾ ಅಂತ ಕೇಳಿದ್ದೀರಿ.

ಬೇಡ. ನಾನು ಮಾಡಿ ನೋಡಿದ್ದೇನೆ. ಐದು ದಿನದಲ್ಲಿ ಮೂರು ಕೆಜಿ ಇಳಿಯಿತು, ಮುಂದಿನ ವಾರ ಮೂರೂ ಮರಳಿ ಬಂತು. ಹೋಗಿದ್ದು ಬಹುಪಾಲು ನೀರು. ಹೊಟ್ಟೆಯ ಅಳತೆ ಹಾಗೆಲ್ಲ ಬದಲಾಗುವುದಿಲ್ಲ.

ನನ್ನದೂ ಸ್ಲೀವೇ, ಆರು ವರ್ಷ ಆಯ್ತು. 41 ಕೆಜಿ ಇಳಿದು, ಮೂರನೇ ವರ್ಷದಿಂದ ಮೆಲ್ಲಗೆ 17 ಏರಿತ್ತು. ನಾಚಿಕೆಯಾಗಿ ಫಾಲೋಅಪ್‌ಗೆ ಹೋಗುವುದನ್ನೇ ಬಿಟ್ಟಿದ್ದೆ. ಒಂದೂವರೆ ವರ್ಷ ಆಸ್ಪತ್ರೆಯಿಂದ ಫೋನ್ ಬಂದರೂ ಎತ್ತಲಿಲ್ಲ. ಕೊನೆಗೆ ಹೋದಾಗ ಡಯೆಟೀಶಿಯನ್ ಬಯ್ಯಲಿಲ್ಲ, ಒಂದಿಷ್ಟು ತೂಕ ಮರಳುವುದು ಮಾಮೂಲಿ ಅಂದರು. ಮೂರು ದಿನ ತಿಂದಿದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದರು. ನಾನು ಜಾಣತನ ಮಾಡಿ ಮೂರು ಹೊತ್ತಿನ ಊಟ ಮಾತ್ರ ಬರೆದುಕೊಂಡು ಹೋದೆ. ನೋಡಿ, "ಇಷ್ಟಕ್ಕೆ ತೂಕ ಏರಲ್ಲ, ಇನ್ನೊಂದು ಸಲ ಬರೀರಿ" ಅಂದರು. ಎರಡನೇ ಸಲ ನಿಜ ಬರೆದೆ. ಒಂದೇ ದಿನದಲ್ಲಿ 14 ಸಾಲು! ಎರಡು ಬಿಸ್ಕತ್ತು, ಒಂದು ಹಿಡಿ ಚಿಪ್ಸ್, ಪಾತ್ರೆ ತೊಳೆಯುವ ಮುಂಚೆ ತಳದಲ್ಲಿ ಉಳಿದಿದ್ದು, ಮತ್ತೆ ಎರಡು ಬಿಸ್ಕತ್ತು. ಒಂದೂ ಊಟ ಅನ್ನಿಸುವಷ್ಟು ದೊಡ್ಡದಿರಲಿಲ್ಲ.

ಮನೆಗೆ ಬಂದು ಒಂದು ಪರೀಕ್ಷೆ ಮಾಡಿಕೊಂಡೆ. ಬೇಯಿಸಿದ ಮೊಟ್ಟೆ ನಿಧಾನವಾಗಿ ಅಗಿದು ತಿಂದೆ, ನೀರು ಮುಟ್ಟಲಿಲ್ಲ. ಎರಡನೇ ಮೊಟ್ಟೆ ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಹತ್ತಿರ ಆ ಹಳೆಯ ಒತ್ತಡ, ಸಾಕು ಅನ್ನಿಸಿತು. ಅಂದರೆ ಹೊಟ್ಟೆ ಇನ್ನೂ ತನ್ನ ಕೆಲಸ ಮಾಡುತ್ತಿತ್ತು! ಅದೇ ಹೊಟ್ಟೆಗೆ ಹಿಂದಿನ ವಾರ ಕಾಫಿಯ ಜೊತೆ ಒಂದು ಇಡೀ ಪ್ಯಾಕ್ ಬಿಸ್ಕತ್ತು ಇಳಿದಿತ್ತು. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಎಲ್ಲ ಬಾಯಲ್ಲೇ ಕರಗಿ ಜಾರಿ ಹೋಗುತ್ತವೆ, ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಊಟದ ಜೊತೆ ನೀರು ಕುಡಿದರೂ ಹೆಚ್ಚು ಕಡಿಮೆ ಅದೇ ಕಥೆ. ಹೊಟ್ಟೆ ವರ್ಷ ಕಳೆದಂತೆ ಸ್ವಲ್ಪ ಹಿಗ್ಗುವುದು ನಿಜ, ಆದರೆ ನನ್ನ 17 ಕೆಜಿಯನ್ನು ಅದರ ಮೇಲೆ ಹೊರಿಸಿದರೆ ಸುಳ್ಳಾಗುತ್ತದೆ.

ಹಾಗಂತ ಎಲ್ಲ ನಮ್ಮ ತಪ್ಪೇ ಅಂತಲೂ ಅಂದುಕೊಳ್ಳಬೇಡಿ. ಮೊದಲ ವರ್ಷ ಹಸಿವೇ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಹಸಿವಿನ ಹಾರ್ಮೋನು ಗ್ರೆಲಿನ್ ಜಾಸ್ತಿ ಹುಟ್ಟುವ ಭಾಗವನ್ನೇ ಸರ್ಜರಿಯಲ್ಲಿ ತೆಗೆದಿರುತ್ತಾರೆ. ಆಮೇಲೆ ಆ ಹಸಿವು ಬಹಳ ಜನರಿಗೆ ಮೆಲ್ಲಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ನಾವು ಹಳೆಯ ನಿಯಮಗಳನ್ನು ಮರೆತಿರುತ್ತೇವೆ.

ನಾನು ಮಾಡಿದ್ದು ಹೊಸದೇನಲ್ಲ. ತಟ್ಟೆಯಲ್ಲಿ ಮೊದಲು ಪ್ರೋಟೀನ್: ಮೊಟ್ಟೆ, ಮೀನು, ಗಟ್ಟಿ ಮೊಸರು, ಕಾಳು. ಆಮೇಲೆ ತರಕಾರಿ. ಜಾಗ ಉಳಿದರೆ ಮಾತ್ರ ಬೇರೆಯದು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು ಅಂದಿದ್ದರು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಹಾಗಾಗಿ ಸುಮ್ನೆ ಅಂದಾಜಿನ ಮೇಲೆ ಬಿಟ್ಟರೆ ಅಲ್ಲಿಗೆ ತಲುಪುವುದಿಲ್ಲ. ಊಟ ಆದ ಮೇಲೆ ಅರ್ಧ ಗಂಟೆ ನೀರಿಲ್ಲ. ಇದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು, ಈಗಲೂ ಕಷ್ಟವೇ. ಬಿಸ್ಕತ್ತು ಪೂರ್ತಿ ಬಿಟ್ಟಿಲ್ಲ. ತಿನ್ನಬೇಕು ಅನ್ನಿಸಿದರೆ ಎರಡು ತಟ್ಟೆಗೆ ಹಾಕಿಕೊಂಡು, ಕೂತು ತಿನ್ನುತ್ತೇನೆ. ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುವುದು ಮಾತ್ರ ಬಂದ್.

ಡಯಟ್ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಬಿ12, ಕಬ್ಬಿಣ, ವಿಟಮಿನ್ ಡಿ ನೋಡಲೇಬೇಕು. ನಾನು ವಿಟಮಿನ್ ಮಾತ್ರೆಗಳನ್ನೂ ಬಿಟ್ಟಿದ್ದೆ, ಸುಸ್ತಿಗೆ ವಯಸ್ಸನ್ನು ಬೈಯುತ್ತಿದ್ದೆ. ನೋಡಿದರೆ ಬಿ12 ತಳ ಕಂಡಿತ್ತು. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ, ಸ್ಟೀರಾಯ್ಡ್‌ನಂಥ ಕೆಲವು ತೂಕ ಏರಿಸುತ್ತವೆ. ಈಗ ಹಸಿವು ತಗ್ಗಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳನ್ನೂ ಇಂಥ ಸಂದರ್ಭದಲ್ಲಿ ಕೊಡುತ್ತಾರೆ, ನಿಮಗೆ ಬೇಕಾ ಬೇಡವಾ ಅವರೇ ಹೇಳಲಿ. ಪದೇ ಪದೇ ವಾಂತಿ ಆಗುತ್ತಿದ್ದರೆ ಮಾತ್ರ ಇದನ್ನೆಲ್ಲ ಓದುತ್ತಾ ಕೂರಬೇಡಿ, ತಕ್ಷಣ ತೋರಿಸಿ.

ಹತ್ತು ತಿಂಗಳಲ್ಲಿ ನನ್ನ 17ರಲ್ಲಿ 9 ಇಳಿದಿದೆ. ಎರಡು ತಿಂಗಳಿಂದ ಮುಳ್ಳು ಅಲ್ಲಾಡಿಲ್ಲ. ಮುಂದಿನ ವಾರ ಮತ್ತೆ ಡಯೆಟೀಶಿಯನ್ ಹತ್ತಿರ ಹೋಗುತ್ತಿದ್ದೇನೆ, ಈ ಸಲ ಎಲ್ಲ ಸಾಲೂ ಬರೆದುಕೊಂಡು.